ಹಾಲಿನ ಸಂಘದ ಕಚೇರಿಗೆ ಯಾವ ಎಐ? ನೋಟಿಸು, ಸುತ್ತೋಲೆ, ಬಟವಾಡೆಯಲ್ಲಿ ಕಂಡಿದ್ದು

ಹಾಲು ಉತ್ಪಾದಕರ ಸಹಕಾರ ಸಂಘದ ಕೆಲಸವೆಂದರೆ ಬೆಳಿಗ್ಗೆ ಸಂಜೆ ಹಾಲು ಅಳೆದು ಕಳಿಸುವುದಷ್ಟೇ ಅಲ್ಲ. ಸಭೆಯ ನೋಟಿಸು, ಒಕ್ಕೂಟಕ್ಕೆ ಪತ್ರ, ಇಲಾಖೆಯ ಸುತ್ತೋಲೆ, ಉತ್ಪಾದಕರ ಬಟವಾಡೆ, ವರ್ಷದ ಲೆಕ್ಕಪರಿಶೋಧನೆ ಎಲ್ಲವೂ ಒಬ್ಬಿಬ್ಬರ ಹೆಗಲಿಗೇ ಬೀಳುತ್ತವೆ. ಎಐ (ಕೃತಕ ಬುದ್ಧಿಮತ್ತೆ) ನನಗೆ ಹೊಸದು. ದಿನನಿತ್ಯದ ಈ ಕೆಲಸಗಳಿಗೇ ಚಾಟ್‌ಜಿಪಿಟಿ, ಜೆಮಿನಿ, ಕೊಪೈಲಟ್ ಮತ್ತು ನೋಟ್‌ಬುಕ್‌ಎಲ್‌ಎಂಗಳನ್ನು ಹಚ್ಚಿ ನೋಡಿದೆ. ಎಲ್ಲವೂ ಉಚಿತ ಆವೃತ್ತಿಗಳೇ. ಅವು ಕೊಟ್ಟ ಉತ್ತರವನ್ನು ಎಷ್ಟು ಸುಲಭವಾಗಿ ತಾಳೆ ನೋಡಬಹುದು ಎಂಬುದೇ ನನ್ನ ಅಳತೆಗೋಲಾಗಿತ್ತು. ಇಲ್ಲಿ ತಪ್ಪಿದರೆ ನಷ್ಟವಾಗುವುದು ಸದಸ್ಯರ ದುಡ್ಡು.

ಮೊದಲಿಗೆ ವಾರ್ಷಿಕ ಸಭೆಯ ನೋಟಿಸು. ದಿನಾಂಕ, ಸ್ಥಳ, ವಿಷಯಗಳನ್ನು ಕೊಟ್ಟು, ಕನ್ನಡದಲ್ಲಿ ಬರೆದುಕೊಡಿ ಎಂದು ಚಾಟ್‌ಜಿಪಿಟಿ, ಜೆಮಿನಿ, ಕೊಪೈಲಟ್ ಈ ಮೂರು ಮಾತುಕತೆ ಸಹಾಯಕಗಳನ್ನೂ ಕೇಳಿದೆ. ವ್ಯಾಕರಣಕ್ಕೆ ಎಲ್ಲೂ ಕೊರತೆಯಿರಲಿಲ್ಲ. ಆದರೆ ಒಂದು ಸಹಾಯಕ ನಾನು ಹೇಳದ ವಿಷಯವನ್ನು ತಾನೇ ಸೇರಿಸಿತ್ತು: ಹೊಸ ಷೇರುದಾರರ ಸೇರ್ಪಡೆ. ಓದಲು ಸಹಜವಾಗಿಯೇ ಇತ್ತು, ಅಪಾಯವಿರುವುದೇ ಅಲ್ಲಿ. ನೋಟಿಸಿನಲ್ಲಿ ಅಚ್ಚಾದ ವಿಷಯವನ್ನು ಸಭೆಯಲ್ಲಿ ಕೇಳುವ ಹಕ್ಕು ಸದಸ್ಯರಿಗಿದೆ. ಬಳಿಕ ಹಿಂದಿನ ವರ್ಷದ ನೋಟಿಸನ್ನೇ ಮಾದರಿಯಾಗಿ ಕೊಟ್ಟು, ಇದೇ ಧಾಟಿಯಲ್ಲಿ, ಏನನ್ನೂ ಸೇರಿಸದೆ ಬರೆಯಿರಿ ಎಂದೆ. ಆಗ ಮೂರರ ನಡುವಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಪತ್ರಗಳ ಮಟ್ಟಿಗೆ ಯಾವ ಸಾಧನ ಎಂಬುದಕ್ಕಿಂತ ಯಾವ ಮಾದರಿ ಕೊಡುತ್ತೀರಿ ಎಂಬುದೇ ಮುಖ್ಯ ಎಂದು ನನಗೆ ಖಚಿತವಾಗಿದೆ.

ಮಾದರಿ ಕೊಡುವುದೂ ಅಷ್ಟು ಸಲೀಸಲ್ಲ. ನಮ್ಮ ಹಳೆಯ ಕಡತಗಳೆಲ್ಲ ಇರುವುದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಅಕ್ಷರದಲ್ಲಿ. ಅಲ್ಲಿಂದ ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬರುತ್ತದೆ. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರದ ಒಂದೊಂದು ತುಂಡೂ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿರುತ್ತದೆ. ಫಾಂಟು ಕಳಚಿದರೆ ಉಳಿಯುವುದು ಆ ಇಂಗ್ಲಿಷ್ ಗುರುತುಗಳು ಮಾತ್ರ. ಹಾಗಾಗಿ ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರು, ಮೊಬೈಲುಗಳೂ ಕನ್ನಡವೆಂದೇ ಗುರುತಿಸುವ ಅಕ್ಷರಕ್ಕೆ, ಪರಿವರ್ತಿಸಿಕೊಳ್ಳಬೇಕು. ಅದಕ್ಕೆ ಉಚಿತ ಪರಿವರ್ತಕಗಳಿವೆ. ಅವಸರವಿದ್ದರೆ ಅಚ್ಚಾದ ಪುಟದ ಫೋಟೊ ಕೊಟ್ಟರೂ ಈ ಸಹಾಯಕಗಳು ಓದುತ್ತವೆ. ಕೈಬರಹದ ಪುಟವಾದರೆ ಅಂಕಿಗಳನ್ನು ಒಂದೊಂದಾಗಿ ನೋಡಲೇಬೇಕು.

ಕನ್ನಡ ಟೈಪಿಂಗ್ ಕೈಗೆ ಹತ್ತದವರಿಗೆ ನನ್ನ ಮತ ಜೆಮಿನಿಗೆ. ಭಾರತದಲ್ಲಿ ಅದರ ಮೊಬೈಲ್ ಆ್ಯಪ್ 2024ರ ಜೂನ್‌ನಲ್ಲಿ ಬಂದಾಗಲೇ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳು ಅದರಲ್ಲಿದ್ದವು. ಒಕ್ಕೂಟಕ್ಕೆ ಪಶು ಆಹಾರದ ಬೇಡಿಕೆಯ ಪತ್ರವನ್ನು ನಾನು ಬಾಯಲ್ಲೇ ಹೇಳಿ, ಆಮೇಲೆ ತಿದ್ದಿಕೊಳ್ಳುತ್ತೇನೆ.

ಸುತ್ತೋಲೆ ಮತ್ತು ಕಾನೂನಿನ ವಿಷಯಕ್ಕೆ ಬಂದರೆ ಲೆಕ್ಕಾಚಾರವೇ ಬದಲಾಗುತ್ತದೆ. ಸಭೆಗೆ ಬರಲಾಗದ ಸದಸ್ಯರು ತಮ್ಮ ಪರವಾಗಿ ಇನ್ನೊಬ್ಬರನ್ನು ಕಳಿಸಿ ಮತ ಹಾಕಿಸಬಹುದೇ? ಪ್ರತಿ ವರ್ಷವೂ ಯಾರಾದರೂ ಕೇಳುವ ಪ್ರಶ್ನೆ ಇದು. ಮಾತುಕತೆ ಸಹಾಯಕವೊಂದು ಕಲಮಿನ ಸಂಖ್ಯೆಯ ಸಮೇತ ಗಟ್ಟಿ ದನಿಯಲ್ಲಿ ಉತ್ತರಿಸಿತು. ಕಾಯ್ದೆಯ ಪುಸ್ತಕ ತೆರೆದು ನೋಡಿದರೆ ಆ ಕಲಮಿನಲ್ಲಿದ್ದದ್ದು ಬೇರೆಯೇ ವಿಷಯ. ಈ ಬಗೆಯ ತಪ್ಪು ಯಾವುದೋ ಒಂದು ಸಾಧನಕ್ಕೆ ಅಂಟಿದ್ದಲ್ಲ. ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಅಂದಾಜಿಸುತ್ತಾ ಸಾಗುವುದು ಇವೆಲ್ಲವುಗಳ ರೀತಿ. ಕಲಮಿನ ಸಂಖ್ಯೆಯೂ ಅಂದಾಜಿನಲ್ಲೇ ಬಂದುಬಿಡಬಹುದು.

ನೋಟ್‌ಬುಕ್‌ಎಲ್‌ಎಂ ಕೆಲಸ ಮಾಡುವ ಕ್ರಮ ಬೇರೆ, ನಾವು ಕೊಟ್ಟ ಕಡತಗಳನ್ನು ಆಧರಿಸಿ ಉತ್ತರಿಸುತ್ತದೆ. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ ಇಂಗ್ಲಿಷ್ ಪಿಡಿಎಫ್ ಮತ್ತು ಇಲಾಖೆಯ ಸುತ್ತೋಲೆಗಳನ್ನು ಅದಕ್ಕೆ ಕೊಟ್ಟೆ. ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿದೆ, ಉತ್ತರವೂ ಕನ್ನಡದಲ್ಲೇ ಬಂತು. ಉತ್ತರದ ವಾಕ್ಯಗಳ ಕೊನೆಯಲ್ಲಿ ಪುಟ್ಟ ಅಂಕಿಗಳಿರುತ್ತವೆ. ಅದನ್ನು ಒತ್ತಿದರೆ ಮೂಲದ ಆ ಸಾಲುಗಳೇ ಪಕ್ಕದಲ್ಲಿ ತೆರೆದುಕೊಳ್ಳುತ್ತವೆ. ಉತ್ತರದ ಭಾಷೆ ಇತರ ಸಹಾಯಕಗಳಷ್ಟು ನಯವಾಗಿಲ್ಲ, ಕೆಲವೆಡೆ ಒರಟೇ. ಆದರೂ ಇದನ್ನೇ ಮೇಲೆ ಇಡುತ್ತೇನೆ. ಆಡಳಿತ ಮಂಡಳಿಯ ಮುಂದೆ ಹೇಳುವ ಮಾತಿಗೆ ಬೇಕಾದದ್ದು ಆಧಾರ. ಒಂದು ಎಚ್ಚರಿಕೆ: ಅಧಿನಿಯಮಕ್ಕೆ ಹಲವು ಬಾರಿ ತಿದ್ದುಪಡಿಯಾಗಿದೆ. ಹಳೆಯ ಪ್ರತಿ ಕೊಟ್ಟರೆ ಹಳೆಯ ಉತ್ತರವನ್ನೇ ಆಧಾರ ಸಮೇತ ಕೊಡುತ್ತದೆ. ನುಡಿಯಲ್ಲಿ ಸಿದ್ಧವಾದ ಪಿಡಿಎಫ್‌ಗಳ ಪಾಡು ಇಲ್ಲಿಯೂ ಅದೇ.

ಬಟವಾಡೆಯ ಲೆಕ್ಕದಲ್ಲಿ ಸಾಧನಗಳಿಗಿಂತ ಕೇಳುವ ಎರಡು ಬಗೆಗಳನ್ನು ಹೋಲಿಸುವುದು ಹೆಚ್ಚು ಉಪಯುಕ್ತ. ಲೀಟರು, ಫ್ಯಾಟ್ (ಕೊಬ್ಬಿನಂಶ), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ ಇರುವ ಪಟ್ಟಿಯನ್ನು ಕೊಟ್ಟು ಮೊತ್ತ ಹೇಳಿ ಎನ್ನುವುದು ಒಂದು ಬಗೆ. ಉತ್ತರ ಸರಿಯಿರಬಹುದು, ಇಲ್ಲದಿರಬಹುದು. ದಾರಿ ಕಾಣದ ಮೊತ್ತವನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ಬಗೆ, ಎಕ್ಸೆಲ್ ಸೂತ್ರವನ್ನು ಮಾತ್ರ ಕೇಳುವುದು. ಸದಸ್ಯರ ಸಂಖ್ಯೆ ಮತ್ತು ದಿನಾಂಕ ನೋಡಿ ಮೊತ್ತ ಕೂಡಿಸಲು ಮೂರೂ ಸಹಾಯಕಗಳು ಸಮ್‌ಇಫ್ಸ್ (SUMIFS) ಸೂತ್ರವನ್ನೇ ಕೊಟ್ಟವು. ಅದು ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲೂ ನಡೆಯುತ್ತದೆ. ಒಬ್ಬ ಉತ್ಪಾದಕರ ಮೊತ್ತವನ್ನು ಕೈಯಲ್ಲಿ ಕೂಡಿಸಿ ತಾಳೆ ನೋಡಿದಾಗ ಕಡಿಮೆ ಬಂತು. ಕಾರಣ ಕೇಳಿದಾಗ ಚಾಟ್‌ಜಿಪಿಟಿ ನೇರ ವಿಷಯಕ್ಕೆ ಬಂದಿತು: ಕೆಲವು ಸಂಖ್ಯೆಗಳು ಸಂಖ್ಯೆಯಾಗಿರದೆ ಪಠ್ಯವಾಗಿ ನಮೂದಾಗಿರಬಹುದು, ಅಂಥವನ್ನು ಈ ಸೂತ್ರ ಕೂಡಿಸುವುದಿಲ್ಲ. ಹುಡುಕಿದರೆ ಹಾಗೆಯೇ ಇತ್ತು, ಅಂಕಿಯ ಹಿಂದೊಂದು ಖಾಲಿ ಜಾಗ. ಈ ತರಹದ ದೋಷ ಹುಡುಕುವ ಕೆಲಸಕ್ಕೆ ಎಐ ನಿಜಕ್ಕೂ ದೊಡ್ಡ ನೆರವು. ಕೊಪೈಲಟ್ ಎಕ್ಸೆಲ್‌ನ ಒಳಗೇ ಕೂತು ಕೆಲಸ ಮಾಡಬೇಕೆಂದರೆ ಚಂದಾ ಕಟ್ಟಬೇಕು. ಸಣ್ಣ ಸಂಘಕ್ಕೆ ಆ ಖರ್ಚು ಬೇಡ ಎಂಬುದು ನನ್ನ ಅನಿಸಿಕೆ.

ಯಾವ ಸಾಧನವಾದರೂ ಸರಿ, ಸದಸ್ಯರ ಹೆಸರು, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಅಲ್ಲಿಗೆ ಹೋಗಬಾರದು. ಕೇಂದ್ರ ಹಣಕಾಸು ಸಚಿವಾಲಯವೇ 2025ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ಕಚೇರಿಯ ಕಂಪ್ಯೂಟರುಗಳಲ್ಲಿ ಇಂತಹ ಎಐ ಸಾಧನಗಳನ್ನು ಬಳಸಬೇಡಿ ಎಂದು ಸೂಚಿಸಿತ್ತು. ಗೋಪ್ಯತೆಯೇ ಅದಕ್ಕೆ ಕಾರಣ. ನಾನು ಪಟ್ಟಿಯಲ್ಲಿ ಸದಸ್ಯರ ಸಂಖ್ಯೆಯನ್ನಷ್ಟೇ ಉಳಿಸಿ ಉಳಿದದ್ದನ್ನು ತೆಗೆದುಹಾಕುತ್ತೇನೆ.

ನಡವಳಿ ಪುಸ್ತಕವನ್ನು ಮಾತ್ರ ಇವುಗಳ ಹತ್ತಿರಕ್ಕೂ ತಂದಿಲ್ಲ. ಸೂಚಕರು ಯಾರು, ಅನುಮೋದಕರು ಯಾರು, ಯಾವ ಠರಾವಿಗೆ ಯಾರ ಆಕ್ಷೇಪ ಎಂಬುದನ್ನು ಸಭೆಯಲ್ಲಿ ಕೂತವರೇ ಬರೆಯಬೇಕು. ಸದ್ಯ ನಮ್ಮ ಸಂಘದ ಬೈಲಾವನ್ನು ನುಡಿಯಿಂದ ಯೂನಿಕೋಡ್‌ಗೆ ತರುತ್ತಿದ್ದೇನೆ. ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದರಿಂದ ಪುಟ ಪುಟವನ್ನೂ ಅಚ್ಚಿನ ಪ್ರತಿಯೊಂದಿಗೆ ಹೋಲಿಸಬೇಕಾಗಿದೆ. ಅದು ಮುಗಿದರೆ ಸದಸ್ಯರು ಕೇಳಿದ ಪ್ರಶ್ನೆಗೆ ಬೈಲಾದ ಸಾಲನ್ನೇ ತೆರೆದು ತೋರಿಸಬಹುದು.