ಸ್ಟ್ರಿಂಗ್ ಆಫ್ ಪರ್ಲ್ಸ್: ಕೊಳ್ಳಲು ಯೋಗ್ಯವಾದ ಬಳ್ಳಿ, ಬದಲಿಸಲೇಬೇಕಾದ ಕುಂಡ

ಬೆಂಗಳೂರಿನ ನರ್ಸರಿಗಳಲ್ಲಿ ತೂಗುಕುಂಡಗಳ ಸಾಲಿನಲ್ಲಿ ಮನಿಪ್ಲಾಂಟಿನ ಪಕ್ಕದಲ್ಲೇ ಈಗ ಕಾಣಸಿಗುವ ಸ್ಟ್ರಿಂಗ್ ಆಫ್ ಪರ್ಲ್ಸ್ ಬಳ್ಳಿಯನ್ನು ಆರು ಇಂಚಿನ ಕುಂಡದ ಸಮೇತ 350 ರೂಪಾಯಿಗೆ ಕೊಂಡು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಬೆಳೆಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಗಿಡ ಆ ಬೆಲೆಗೆ ಯೋಗ್ಯವಾಗಿದೆ, ಆದರೆ ಅದನ್ನು ಇಟ್ಟು ಮಾರುವ ಕುಂಡ, ಅದರಲ್ಲಿ ತುಂಬಿರುವ ಮಿಶ್ರಣ ಮತ್ತು ಕೊಳ್ಳುವವರಿಗೆ ಹೇಳಿ ಕಳಿಸುವ ನೀರಿನ ಲೆಕ್ಕ ಈ ಮೂರೂ ಗಿಡದ ಸ್ವಭಾವಕ್ಕೆ ವಿರುದ್ಧವಾಗಿವೆ. ಇವನ್ನು ಬದಲಿಸುವ ತಾಳ್ಮೆಯುಳ್ಳವರು ಧೈರ್ಯವಾಗಿ ಕೊಳ್ಳಬಹುದು. ತಂದ ಹಾಗೆಯೇ ತೂಗುಹಾಕಬೇಕೆನ್ನುವವರಿಗೆ ಮನಿಪ್ಲಾಂಟೇ ಒಳ್ಳೆಯ ಆಯ್ಕೆ.

ಗಿಡದ ಗುಣಮಟ್ಟದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಎಳೆಗಳು ಒಂದಡಿಗೂ ಮಿಕ್ಕಿ ಇಳಿಬಿದ್ದಿದ್ದವು, ಹಸಿ ಬಟಾಣಿ ಗಾತ್ರದ ಎಲೆಗಳು ಗಟ್ಟಿಯಾಗಿದ್ದವು, ಕುಂಡದ ಮೇಲ್ಭಾಗವೂ ಎಲ್ಲೂ ಬೋಳಾಗದೆ ತುಂಬಿಕೊಂಡಿತ್ತು. ಕೊಳ್ಳುವಾಗ ಸಾಮಾನ್ಯವಾಗಿ ಎಲ್ಲರೂ ಎಳೆಗಳ ಉದ್ದವನ್ನು ನೋಡುತ್ತಾರೆ, ಆದರೆ ನಿಜವಾಗಿ ನೋಡಬೇಕಾದದ್ದು ಈ ಮೇಲ್ಭಾಗವನ್ನು. ಬುಡದ ಹತ್ತಿರ ಕಾಂಡ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಬೇರು ಕೊಳೆಯತೊಡಗಿದೆ ಎಂದೇ ತಿಳಿಯಬೇಕು. ಎಲೆಗಳು ತಮ್ಮೊಳಗೆ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ಬೇರು ಕೆಟ್ಟ ಮೇಲೂ ಎಳೆಗಳು ಸ್ವಲ್ಪ ಕಾಲ ಹಸಿರಾಗಿಯೇ ಉಳಿಯುತ್ತವೆ, ಆದ್ದರಿಂದ ಕೆಳಗಿನ ಹಸಿರನ್ನು ನಂಬಿ ಹಣ ಕೊಡಬಾರದು.

ಕುಂಡದ ವಿಷಯ ಬೇರೆ. ಆಳವಾದ ಪ್ಲಾಸ್ಟಿಕ್ ಕುಂಡ, ಒಳಗೆ ಮಣ್ಣಿನ ಸುಳಿವೂ ಇಲ್ಲದ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಹಿಡಿಕೆಗೆ ಕಟ್ಟಿದ ಚೀಟಿಯಲ್ಲಿ 'ದಿನಕ್ಕೊಮ್ಮೆ ನೀರು' ಎಂಬ ಸೂಚನೆ. ಕೋಕೋಪೀಟ್ ಹಗುರ, ಅಗ್ಗ, ಸಾಗಿಸಲು ಅನುಕೂಲ, ಆದ್ದರಿಂದ ಮಾರುವವರು ಅದನ್ನು ಬಳಸುವುದು ಅರ್ಥವಾಗುವಂಥದ್ದೇ. ಆದರೆ ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಮತ್ತು ಪೂರ್ತಿ ಒಣಗಿತೆಂದರೆ ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡು, ಹಾಕಿದ ನೀರೆಲ್ಲ ಬೇರಿಗೆ ತಗುಲದೆ ಪಕ್ಕದಿಂದ ಜಾರಿಹೋಗುವಂತೆ ಮಾಡುತ್ತದೆ. ಈ ಬಳ್ಳಿಯ ಬೇರುಗಳು ತೆಳುವಾಗಿ ಮೇಲ್ಪದರದಲ್ಲೇ ಹರಡುವಂಥವು. ಆಳದ ಕುಂಡದ ಕೆಳಭಾಗಕ್ಕೆ ಬೇರು ಇಳಿಯುವುದೇ ಇಲ್ಲವಾದ್ದರಿಂದ ಅಲ್ಲಿ ನಿಂತ ತೇವವನ್ನು ಕುಡಿಯುವವರು ಯಾರೂ ಇರುವುದಿಲ್ಲ. ಬೇರು ಕೊಳೆಯುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಈ ಗಿಡದ ತವರು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಒಣಭೂಮಿ. ಅಲ್ಲಿ ಅದು ತೂಗಾಡುವುದಿಲ್ಲ, ಪೊದೆ ಮತ್ತು ಬಂಡೆಗಳ ಅರೆನೆರಳಿನಲ್ಲಿ ನೆಲದ ಮೇಲೆ ಹಬ್ಬಿ, ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಚಾಪೆಯಂತೆ ಹರಡುತ್ತದೆ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೇ ಸೇರಿದ ಇದನ್ನು 1968ರಲ್ಲಿ ಸೆನೆಸಿಯೊ ರೌಲಿಯಾನಸ್ ಎಂದು ಹೆಸರಿಸಲಾಯಿತು. ಈಗ ಸಸ್ಯಶಾಸ್ತ್ರಜ್ಞರು ಕ್ಯೂರಿಯೊ ರೌಲಿಯಾನಸ್ ಎನ್ನುತ್ತಾರೆ, ನರ್ಸರಿ ಚೀಟಿಗಳಲ್ಲಿ ಎರಡೂ ಹೆಸರುಗಳು ಸಿಗುತ್ತವೆ. ಎಲೆ ಉಂಡೆಯಾಗಿರುವುದು ಅಂದಕ್ಕಾಗಿಯಲ್ಲ. ಇಂತಿಷ್ಟು ನೀರನ್ನು ಅತಿ ಕಡಿಮೆ ಮೈಯೊಳಗೆ ಅಡಗಿಸಿ ಬಿಸಿಲಿಗೆ ಆರದಂತೆ ಕಾಯಲು ಗುಂಡಾಕಾರಕ್ಕಿಂತ ಒಳ್ಳೆಯ ಆಕಾರವಿಲ್ಲ. ಪ್ರತಿ ಎಲೆಯ ಒಂದು ಬದಿಯಲ್ಲಿ ಉದ್ದಕ್ಕೆ ತೆಳುವಾದ, ಪಾರದರ್ಶಕವೆನ್ನಬಹುದಾದ ಒಂದು ಗೀರು ಇದೆ. ಬೆಳಕು ಅದರ ಮೂಲಕ ಎಲೆಯ ಒಳಭಾಗದ ಹಸಿರಿಗೂ ತಲುಪುತ್ತದೆ. ಬೆಳಗಿನ ಬೆಳಕಿನಲ್ಲಿ ಒಂದು ಎಲೆಯನ್ನು ಎತ್ತಿ ಹಿಡಿದು ಇದನ್ನು ನೋಡಿದವರಿಗೆ ಈ ಪುಟ್ಟ ಗಿಡದ ಮೇಲೆ ಗೌರವ ಹುಟ್ಟದೆ ಇರದು.

ಇಷ್ಟು ತಿಳಿದರೆ ಆರೈಕೆಯ ದಾರಿ ತಾನಾಗಿ ಕಾಣುತ್ತದೆ. ನಾಲ್ಕು ಇಂಚಿಗಿಂತ ಹೆಚ್ಚು ಆಳವಿಲ್ಲದ, ಅಗಲ ಬಾಯಿಯ, ತಳದಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ಇದನ್ನು ಬದಲಿಸಬೇಕು. ಮಣ್ಣಿನ ಕುಂಡ ತನ್ನ ಮೈಯಿಂದಲೂ ತೇವವನ್ನು ಹೊರಬಿಡುತ್ತದೆ. ನಾನು ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ಎರೆಗೊಬ್ಬರ ಮತ್ತು ಎರಡು ಪಾಲು ಜರಡಿ ಹಿಡಿದ ಇಟ್ಟಿಗೆ ಚೂರು ಹಾಗೂ ಪರ್ಲೈಟ್ ಎಂಬ ಹಗುರವಾದ ಬಿಳಿ ಖನಿಜದ ಕಾಳು ಬೆರೆಸಿದ್ದೇನೆ, ಕುಂಡಕ್ಕೂ ಇದಕ್ಕೂ ಸೇರಿ ಸುಮಾರು 200 ರೂಪಾಯಿ ಖರ್ಚಾಯಿತು. ಗಿಡದ ನಿಜವಾದ ಬೆಲೆ ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಳ್ಳಬೇಕು. ತಂದ ದಿನವೇ ಬದಲಿಸುವ ಅವಸರ ಬೇಡ. ಒಂದು ವಾರ ಬೇರೆ ಗಿಡಗಳಿಂದ ದೂರವಿಟ್ಟು, ಎಳೆಗಳ ಸಂದಿನಲ್ಲಿ ಬಿಳಿ ಹತ್ತಿಯಂತಹ ಹಿಟ್ಟುತಿಗಣೆ ಇದೆಯೇ ಎಂದು ನೋಡಿ, ಆಮೇಲೆ ಬೇರಿಗೆ ಅಂಟಿದ ಕೋಕೋಪೀಟನ್ನು ಮೃದುವಾಗಿ ಉದುರಿಸಿ ನೆಡಬೇಕು. ನೆಟ್ಟ ಮೇಲೆ ಹರಿದ ಬೇರುಗಳು ಮಾಯಲು ಕೆಲವು ದಿನ ನೀರು ಹಾಕದೆ ಬಿಡುವುದು ಅವಶ್ಯ.

ನೀರಿಗೆ ದಿನದ ಲೆಕ್ಕವನ್ನು ಇಟ್ಟುಕೊಳ್ಳದೆ ಗಿಡವನ್ನೇ ಕೇಳಬೇಕು. ಎಲೆಯನ್ನು ಬೆರಳಿನಿಂದ ಒತ್ತಿದಾಗ ಗಟ್ಟಿಯಾಗಿದ್ದರೆ ನೀರು ಬೇಡ, ತುಸು ಸುಕ್ಕುಗಟ್ಟಿ ಮೆತ್ತಗಾಗಿದ್ದು ಮಣ್ಣೂ ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಬೇಕು. ಎಲೆ ಮೆತ್ತಗಿದ್ದು ಮಣ್ಣು ಮಾತ್ರ ಒದ್ದೆಯಿದ್ದರೆ ಅದು ಬೇರು ಕೊಳೆತ ಲಕ್ಷಣ, ಆಗ ನೀರು ಹಾಕಿದರೆ ಗಿಡ ಉಳಿಯುವುದಿಲ್ಲ. ಬೆಂಗಳೂರಿನ ಮಳೆಗಾಲದಲ್ಲಿ ವಾರಗಟ್ಟಲೆ ನೀರೇ ಬೇಕಾಗದಿರಬಹುದು, ಕುಂಡ ಮಾತ್ರ ಎರಚಲು ತಾಗದ ಕಡೆಗಿರಬೇಕು. ಮಂಗಳೂರು, ಆಗುಂಬೆಗಳಂತಹ ಕಡೆ ಉದ್ದನೆಯ ಮಳೆಯ ತೇವದಲ್ಲಿ ಇದನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಕಲಬುರಗಿಯ ಬೇಸಿಗೆಯಲ್ಲಾದರೆ ಕಾಯಬೇಕಾದದ್ದು ಮಧ್ಯಾಹ್ನದ ಬಿಸಿಲಿನಿಂದ.

ಬೆಳಕಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತೂಗುಕುಂಡವನ್ನು ಚಾವಣಿಗೆ ಹತ್ತಿರ ಕಟ್ಟಿದರೆ ಇಳಿಬಿದ್ದ ಎಳೆಗಳಿಗೆ ಕಿಟಕಿಯ ಬೆಳಕು ಸಿಗುತ್ತದೆ, ಕುಂಡದ ಮೇಲ್ಭಾಗ ಮಾತ್ರ ಕತ್ತಲಲ್ಲೇ ಉಳಿದು ಬುಡ ಬೋಳಾಗುತ್ತಾ ಹೋಗುತ್ತದೆ. ಕುಂಡದ ಬಾಯಿಗೇ ಬೆಳಕು ಬೀಳುವ ಎತ್ತರದಲ್ಲಿ, ಪೂರ್ವದ ಕಿಟಕಿ ಅಥವಾ ಬಾಲ್ಕನಿಯ ಗ್ರಿಲ್ ಹತ್ತಿರ ಕಟ್ಟುವುದು ಸರಿ. ನರ್ಸರಿಯಲ್ಲಿ ಹಸಿರು ನೆರಳು ಪರದೆಯ ಕೆಳಗೆ ಬೆಳೆದದ್ದಾದ್ದರಿಂದ ಬಿಸಿಲಿಗೆ ಸ್ವಲ್ಪಸ್ವಲ್ಪವಾಗಿಯೇ ಒಗ್ಗಿಸಬೇಕು. ಚೆನ್ನಾಗಿ ಬೆಳಕುಂಡ ಗಿಡ ಚಕ್ಕೆಯ ಪರಿಮಳದ ಸಣ್ಣ ಬಿಳಿ ಹೂಗಳನ್ನೂ ಬಿಡುತ್ತದೆ. ನನ್ನದು ಇನ್ನೂ ಹೂಬಿಟ್ಟಿಲ್ಲ.

ಬೆಕ್ಕು, ನಾಯಿ ಅಥವಾ ಪುಟ್ಟ ಮಕ್ಕಳಿರುವ ಮನೆಯವರು ಕೊಳ್ಳುವ ಮೊದಲು ಯೋಚಿಸಬೇಕು. ಈ ಎಲೆಗಳು ತಿಂದರೆ ವಿಷಕಾರಿ, ರಸ ತಗುಲಿದರೆ ಕೆಲವರ ಚರ್ಮ ಉರಿಯುತ್ತದೆ, ಮತ್ತು ಬಟಾಣಿಯಂತೆ ಕಾಣುವುದರಿಂದ ಮಗು ಬಾಯಿಗೆ ಹಾಕಿಕೊಳ್ಳುವ ಸಂಭವ ನಿಜವಾಗಿಯೂ ಇದೆ. ಮಾರುವವರು ಈ ಎಚ್ಚರಿಕೆಯನ್ನು ನನಗೆ ಹೇಳಲಿಲ್ಲ, ಚೀಟಿಯಲ್ಲೂ ಬರೆದಿರಲಿಲ್ಲ. ಈ ಖರೀದಿಯಲ್ಲಿ ನಾನು ಗಂಭೀರವೆಂದು ಭಾವಿಸುವ ಲೋಪ ಇದೊಂದೇ.

ಮತ್ತೆ ಕೊಳ್ಳುವುದಾದರೆ ನಾನು ಆರು ಇಂಚಿನದನ್ನು ಬಿಟ್ಟು ಚಿಕ್ಕ ಕುಂಡದ ಗಿಡವನ್ನೇ ತರುತ್ತೇನೆ. ನಾಲ್ಕು ಇಂಚಿನಷ್ಟು ಎಳೆಯನ್ನು ಕತ್ತರಿಸಿ, ಒಂದೆರಡು ದಿನ ಒಣಗಲು ಬಿಟ್ಟು, ತೇವದ ಮಿಶ್ರಣದ ಮೇಲೆ ಸುರುಳಿಯಾಗಿ ಮಲಗಿಸಿದರೆ ಗಿಣ್ಣುಗಳಲ್ಲಿ ಬೇರು ಒಡೆಯುತ್ತದೆ. ನನ್ನ ಕುಂಡದ ಬೋಳು ಜಾಗಗಳೂ ಹೀಗೆಯೇ ತುಂಬಿವೆ, ಆದ್ದರಿಂದ ಎಳೆಗಳ ಉದ್ದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.