ರಿಂಗ್ ರೋಡ್ ಬದಿಯ ನರ್ಸರಿ: ಗಿಡ ತನ್ನಿ, ಅದರ ಮಣ್ಣನ್ನು ಮಾತ್ರ ನಂಬಬೇಡಿ

ಮೈಸೂರಿನ ರಿಂಗ್ ರೋಡ್ ಬದಿಯಲ್ಲಿ ಸಕ್ಯುಲೆಂಟ್‌ಗಳಿಗೆ, ಅಂದ್ರೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳಿಗೆ ಅಂತಲೇ ಒಂದು ದೊಡ್ಡ ಶೆಡ್ ಇಟ್ಟುಕೊಂಡಿರುವ ನರ್ಸರಿ ಇದು. ಹೆಸರು ಬರೆಯುವುದಿಲ್ಲ, ಯಾಕಂದ್ರೆ ನನ್ನ ದೂರು ಇದೊಂದೇ ಅಂಗಡಿಯ ಮೇಲಲ್ಲ, ಬೇರೆ ಕಡೆಯೂ ಇದೇ ಕಥೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಗಿಡಗಳು ನಿಜವಾಗಿಯೂ ಚೆನ್ನಾಗಿವೆ. ಎಚೆವೇರಿಯಾ, ಹಾವೋರ್ತಿಯಾ, ಜೇಡ್, ಉದ್ದ ಜಡೆ ಬಿಟ್ಟ ಬರೋಸ್ ಟೇಲ್, ಎಲ್ಲ ಸಿಗುತ್ತವೆ. ಬೆಲೆಯೂ ಪರವಾಗಿಲ್ಲ. ಶೆಡ್ಡಿನ ಮೇಲೆ ಹಸಿರು ನೆಟ್ ಇದೆ, ಗಾಳಿ ಚೆನ್ನಾಗಿ ಆಡುತ್ತದೆ, ಹಾಗಾಗಿ ಅಲ್ಲಿರುವ ತನಕ ಒಂದು ಎಲೆಯೂ ಉದುರುವುದಿಲ್ಲ.

ತಕರಾರು ಶುರುವಾಗುವುದು ಮನೆಗೆ ಬಂದ ಮೇಲೆ. ಕುವೆಂಪುನಗರದಲ್ಲಿರುವ ನಮ್ಮಕ್ಕ ಇಲ್ಲಿಂದ ಒಂದು ಎಚೆವೇರಿಯಾ ತಂದು ಟಿವಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದಳು. ಬಿಳಿ ಪಿಂಗಾಣಿ ಪಾಟ್, ಮೇಲೆ ಬಣ್ಣದ ಕಲ್ಲು, ನೋಡೋಕೆ ಸೂಪರ್. ಸ್ವಲ್ಪ ದಿನಕ್ಕೇ ಫೋನ್ ಬಂತು: "ಮುಟ್ಟಿದ್ರೆ ಸಾಕು ಎಲೆ ಉದುರುತ್ತೆ ಕಣೇ, ಅವರು ಹೇಳಿದ ಹಾಗೆ ವಾರಕ್ಕೊಂದ್ಸಲ ನೀರು ಹಾಕ್ತಾನೇ ಇದೀನಿ." ಅಂಗಡಿಯ ಹುಡುಗ ಎಲ್ಲರಿಗೂ ಹೇಳುವುದು ಇದೇ, "ವಾರಕ್ಕೊಂದ್ಸಲ ಹಾಕಿ ಮೇಡಂ, ಏನೂ ಆಗಲ್ಲ." ಏಪ್ರಿಲ್ ಬಿಸಿಲಲ್ಲಿ ಬಾಲ್ಕನಿಯಲ್ಲಿರುವ ಮಣ್ಣಿನ ಕುಂಡಕ್ಕೆ ಈ ಮಾತು ಸರಿ. ಜುಲೈನ ಮೋಡ, ಜಿಟಿಜಿಟಿ ಮಳೆಯಲ್ಲಿ, ಮನೆಯೊಳಗಿನ ಪಿಂಗಾಣಿ ಪಾಟ್‌ಗೂ ಅದೇ ಲೆಕ್ಕ ಅಂದ್ರೆ ಹೇಗೆ?

ಅಕ್ಕನ ಗಿಡವನ್ನು ಪಾಟ್‌ನಿಂದ ಬಿಡಿಸಿ ನೋಡಿದೆ. ಕಲ್ಲುಗಳನ್ನು ಗಮ್ ಹಾಕಿ ಅಂಟಿಸಿದ್ದಾರೆ, ಹಾಗಾಗಿ ಮಣ್ಣು ಒಣಗಿದೆಯಾ ಅಂತ ಬೆರಳು ಹಾಕಿ ನೋಡುವ ಹಾಗೂ ಇಲ್ಲ. ಪಾಟ್‌ನ ತಳದಲ್ಲಿ ತೂತಿಲ್ಲ. ಒಳಗಿರುವುದು ಮಣ್ಣೂ ಅಲ್ಲ, ಬರೀ ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ. ಮೇಲೆ ಒಣಗಿದ ಹಾಗೆ ಕಂಡರೂ ನಡುವಿನ ಮುದ್ದೆಯನ್ನು ಹಿಂಡಿದರೆ ನೀರು ತೊಟ್ಟಿಕ್ಕಿತು. ಬೇರು ಕಪ್ಪಾಗಿ, ಎಳೆದರೆ ಸಿಪ್ಪೆ ಕೈಗೆ ಬಂತು. ನರ್ಸರಿಯವರಿಗೆ ಕೋಕೋಪೀಟ್ ಹಗುರ, ಗಾಡಿಯಲ್ಲಿ ಸಾಗಿಸುವುದು ಸುಲಭ, ಬೇಗ ಒಣಗುವುದೂ ಇಲ್ಲ. ಅವರ ಗಾಳಿಯಾಡುವ ಶೆಡ್ಡಿಗೆ ಅದು ನಡೆಯುತ್ತದೆ, ನಮ್ಮ ಹಾಲ್‌ಗೆ ನಡೆಯುವುದಿಲ್ಲ. ಈ ಗಿಡಗಳು ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಂಡಿರುತ್ತವೆ, ಎಲೆಯ ರಂಧ್ರಗಳನ್ನು ಹೆಚ್ಚಾಗಿ ರಾತ್ರಿ ಹೊತ್ತು ತೆರೆಯುತ್ತವೆ, ಅಂದ್ರೆ ನೀರಿನ ಖರ್ಚು ತೀರಾ ಕಡಿಮೆ. ಬೇರು ಸದಾ ಒದ್ದೆಯಲ್ಲಿದ್ದರೆ ಉಸಿರಾಡಲು ಆಗದೆ ಕೊಳೆಯುತ್ತದೆ, ಎಲೆ ಬುಡದಿಂದ ಕಳಚಿಕೊಳ್ಳುತ್ತದೆ.

ಉದುರಿದ ಎಲೆಯನ್ನು ಬಿಸಾಕುವ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಹಳದಿಯಾಗಿ, ಗಾಜಿನ ಹಾಗೆ ಒಳಗೆಲ್ಲ ಕಾಣುತ್ತಾ, ಒತ್ತಿದರೆ ಪಿಚಕ್ ಅಂತ ಒಡೆದರೆ ನೀರು ಜಾಸ್ತಿ. ಸುಕ್ಕುಗಟ್ಟಿ ಮೆತ್ತಗಾಗಿದ್ದರೆ ನೀರು ಸಾಲುತ್ತಿಲ್ಲ. ಆದರೆ ಇಲ್ಲೊಂದು ಮೋಸ ಇದೆ, ಬೇರು ಕೊಳೆತರೂ ಗಿಡಕ್ಕೆ ನೀರು ಎಳೆಯಲು ಆಗದೆ ಎಲೆ ಸುಕ್ಕಾಗುತ್ತದೆ, ಹಾಗಾಗಿ ಮಣ್ಣು ಒಣಗಿದೆಯಾ ಅಂತ ಮುಟ್ಟಿ ನೋಡದೆ ಸುಮ್ನೆ ನೀರು ಸುರಿಯಬೇಡಿ. ತೀರಾ ಕೆಳಗಿನ ಒಂದೆರಡು ಎಲೆ ಕಾಗದದಂತೆ ಒಣಗಿದರೆ ಅದು ವಯಸ್ಸು, ಬಿಟ್ಟುಬಿಡಿ. ಬರೋಸ್ ಟೇಲ್ ಅಂತೂ ಆಟೋದಲ್ಲಿ ತರುವಾಗಲೇ ಅರ್ಧ ಎಲೆ ಉದುರಿಸಿಕೊಳ್ಳುತ್ತದೆ, ಅದರ ಜಾಯಮಾನವೇ ಅದು. ಆ ಹಸಿರೆಲೆಗಳನ್ನು ಮಣ್ಣಿನ ಮೇಲೆ ಹರಡಿಡಿ, ಹೊಸ ಗಿಡ ಬರುತ್ತವೆ.

ಇನ್ನೊಂದು ವಿಷಯ. ಇಲ್ಲಿ ಜೇಡ್ ಅಂತ ಕೊಡುವ ಚಿಕ್ಕೆಲೆಯ ಗಿಡ ಬಹುಪಾಲು ಪೋರ್ಚುಲಕೇರಿಯಾ, ಜೇಡ್ ಹಾಗೇ ಕಾಣುವ ಬೇರೆಯೇ ಗಿಡ. ಎರಡೂ ದಕ್ಷಿಣ ಆಫ್ರಿಕಾ ಕಡೆಯವೇ, ಆದರೆ ಪೋರ್ಚುಲಕೇರಿಯಾಗೆ ಬಿಸಿಲು ಚೆನ್ನಾಗಿ ಬೇಕು. ಆಫೀಸ್ ಟೇಬಲ್ ಮೇಲೆ ಇಟ್ಟರೆ ಕಡ್ಡಿ ಉದ್ದವಾಗಿ, ಎಲೆ ಪುರುಪುರು ಉದುರುತ್ತದೆ. ಹಾಗಂತ ನೆಟ್ ಕೆಳಗಿದ್ದ ಗಿಡವನ್ನು ತಂದ ದಿನವೇ ತಾರಸಿಯ ಸುಡುಬಿಸಿಲಿಗೆ ಇಡಬಾರದು, ಎಲೆ ಸುಟ್ಟು ಕಲೆ ಬೀಳುತ್ತದೆ. ಬೆಳಗಿನ ಬಿಸಿಲಿಂದ ಶುರು ಮಾಡಿ.

ಹಿಟ್ಟು ತಿಗಣೆ ಇದೆಯಾ ಅಂತಲೂ ನರ್ಸರಿಯಲ್ಲೇ ನೋಡಿಕೊಳ್ಳಬೇಕು. ಒಂದು ಟ್ರೇ ಗಿಡಗಳಲ್ಲಿ ಎಲೆಗಳ ಸಂದಿಯಲ್ಲಿ ಹತ್ತಿಯಂತೆ ಬೆಳ್ಳಗೆ ಕೂತಿತ್ತು. ತೋರಿಸಿದರೆ ಹುಡುಗ "ಧೂಳು ಮೇಡಂ" ಅಂದ! ಧೂಳು ಅಲ್ಲ, ರಸ ಹೀರುವ ಹುಳ. ಸ್ವಲ್ಪ ಇದ್ದರೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಬಹುದು, ಆದರೆ ದುಡ್ಡು ಕೊಟ್ಟು ಯಾಕೆ ತರಬೇಕು, ಅಲ್ವಾ?

ಅಕ್ಕನ ಗಿಡ ಉಳಿಯಿತು. ಕೋಕೋಪೀಟ್ ಪೂರ್ತಿ ಉದುರಿಸಿ, ಕೊಳೆತ ಬೇರು ಕತ್ತರಿಸಿ, ನೆರಳಲ್ಲಿ ಒಂದೆರಡು ದಿನ ಒಣಗಲು ಬಿಟ್ಟೆವು. ಆಮೇಲೆ ಕೆಂಪು ಮಣ್ಣಿಗೆ ಅಷ್ಟೇ ಪ್ರಮಾಣದ ದಪ್ಪ ಮರಳು, ಒಂದಿಷ್ಟು ಇಟ್ಟಿಗೆ ಚೂರು ಸೇರಿಸಿ, ಕುಂಬಾರಗೇರಿಯಿಂದ ತಂದ ತೂತಿರುವ ಮಣ್ಣಿನ ಕುಂಡಕ್ಕೆ ಹಾಕಿದ್ದು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಬಳಸುವುದಾದರೆ ಜರಡಿ ಹಿಡಿದು ಪುಡಿ ತೆಗೆಯಿರಿ, ಇಲ್ಲಾಂದ್ರೆ ಸಿಮೆಂಟ್ ಥರ ಗಟ್ಟಿಯಾಗುತ್ತದೆ. ನೆಟ್ಟ ತಕ್ಷಣ ನೀರು ಬೇಡ, ಒಂದು ವಾರ ಬಿಟ್ಟು ಹಾಕಿ. ಆಮೇಲೆಯೂ ಪೂರ್ತಿ ಒಣಗಿದ ಮೇಲೆ ಮಾತ್ರ, ಹಾಕುವಾಗ ತಳದಿಂದ ಹರಿಯುವಷ್ಟು.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಆ ಮೂರು ಸ್ಟಾರ್ ಕೂಡ ಗಿಡಗಳಿಗಷ್ಟೇ. ಅವರ ಪಿಂಗಾಣಿ ಪಾಟ್, ರೆಡಿ ಮಣ್ಣು, ಗಿಫ್ಟ್ ಸೆಟ್ ಯಾವುದೂ ಬೇಡ. ಕಪ್ಪು ಪ್ಲಾಸ್ಟಿಕ್ ಪಾಟ್‌ನಲ್ಲಿರುವ ಗಿಡ ಕೇಳಿ, ಹಿಂದಿನ ಸಾಲಿನಲ್ಲಿ ಇಟ್ಟಿರುತ್ತಾರೆ, ಬೆಲೆ ಅರ್ಧಕ್ಕರ್ಧ ಕಡಿಮೆ. ಭಾನುವಾರ ಹೋಗಬೇಡಿ, ಗಾಡಿ ನಿಲ್ಲಿಸಲು ಜಾಗವೇ ಸಿಗುವುದಿಲ್ಲ.