ಟೆನ್ಯೂರ್ ಹಾದಿಯೋ, ಬ್ರಿಟನ್ನಿನ ಕಾಯಂ ಹುದ್ದೆಯೋ?

ಅಮೆರಿಕದ ಟೆನ್ಯೂರ್ (ಸುಲಭವಾಗಿ ತೆಗೆಯಲಾಗದ ಅಧ್ಯಾಪಕ ಹುದ್ದೆ) ಕಡೆಗಿನ ಹಾದಿ, ಬ್ರಿಟನ್ನಿನ ಕಾಯಂ ಉಪನ್ಯಾಸಕ ಹುದ್ದೆ, ಎರಡೂ ಕೈಗೆ ಬಂದಿವೆ. ಎಲ್ಲಿ ಅಳುಕಿಲ್ಲದೆ ಬರೆಯಬಹುದು ಎಂದು ಕೇಳಿದ್ದೀರಿ.

ಕಾಯುವಿಕೆಯಲ್ಲಿ ಬ್ರಿಟನ್ ಸಲೀಸು. ಅಮೆರಿಕದಲ್ಲಿ ಸಾಮಾನ್ಯವಾಗಿ ಆರನೆಯ ವರ್ಷದಲ್ಲಿ ಪರಿಶೀಲನೆ, ಒಪ್ಪಿಗೆಯಾಗದಿದ್ದರೆ ಗಂಟುಮೂಟೆ ಕಟ್ಟಬೇಕು. ಅಷ್ಟು ವರ್ಷ ಹಿರಿಯರ ಮುಖ ನೋಡಿಕೊಂಡು ಬರೆಯುವುದೂ ಒಂದು ಬಗೆಯ ಬಾಯಿಕಟ್ಟೇ.

ಭದ್ರತೆಯ ಲೆಕ್ಕ ಬೇರೆ. ಬ್ರಿಟನ್ 1988ರ ಶಿಕ್ಷಣ ಸುಧಾರಣಾ ಕಾಯ್ದೆಯಿಂದ ಹೊಸ ನೇಮಕಾತಿಗಳಿಗೆ ಟೆನ್ಯೂರನ್ನೇ ತೆಗೆದುಹಾಕಿತು. ವಿಚಿತ್ರವೆಂದರೆ, ಒಪ್ಪಿತ ಜ್ಞಾನವನ್ನು ಪ್ರಶ್ನಿಸುವ ಸ್ವಾತಂತ್ರ್ಯವನ್ನು ಬರೆದಿಟ್ಟಿದ್ದೂ ಅದೇ ಕಾಯ್ದೆ. ಹಾಗಾಗಿ ಅಲ್ಲಿ ಅಭಿಪ್ರಾಯಕ್ಕಿಂತ ವಿಭಾಗ ಮುಚ್ಚಿ ಕೆಲಸ ಹೋಗುವುದೇ ದೊಡ್ಡ ಅಪಾಯ. ವಿದ್ಯಾರ್ಥಿಗಳು ಕಡಿಮೆಯಿರುವ ವಿಷಯದವರು ಇದನ್ನು ಮರೆಯಬಾರದು.

ಅಮೆರಿಕದಲ್ಲಿ ಟೆನ್ಯೂರ್ ಸಿಕ್ಕರೆ ಸಕಾರಣವಿಲ್ಲದೆ ತೆಗೆಯುವುದು ಕಷ್ಟ. ಆದರೆ ಯಾವ ರಾಜ್ಯ ಎಂದು ನೋಡಿ. ವಿಸ್ಕಾನ್ಸಿನ್ 2015ರಲ್ಲಿ ಟೆನ್ಯೂರ್ ರಕ್ಷಣೆಯನ್ನು ರಾಜ್ಯದ ಕಾನೂನಿನಿಂದ ಕಿತ್ತುಹಾಕಿತು. ಫ್ಲಾರಿಡಾದ 2022ರ ಕಾನೂನು ಐದು ವರ್ಷಕ್ಕೊಮ್ಮೆ ಮರುಪರಿಶೀಲನೆಗೆ ದಾರಿ ಮಾಡಿತು. ವಾಕ್ ಸ್ವಾತಂತ್ರ್ಯ ಕಾಯುವ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಮಾತ್ರ. ಖಾಸಗಿಯಲ್ಲಿ ಒಪ್ಪಂದ ಮತ್ತು ಅಧ್ಯಾಪಕರ ಕೈಪಿಡಿಯೇ ಆಸರೆ. ಸಹಿಗೆ ಮುನ್ನ ಓದಿ.

ವೀಸಾ ಎರಡೂ ಕಡೆ ಹೆಚ್ಚಾಗಿ ಕೆಲಸಕ್ಕೆ ಅಂಟಿಕೊಂಡಿರುತ್ತದೆ.

ಶಾಸಕರ ಕಣ್ಣು ಕೆಂಪಾಗಿಸುವ ವಿಷಯವಾದರೆ, ಕೈಪಿಡಿ ಗಟ್ಟಿಯಿರುವ ಅಮೆರಿಕದ ಖಾಸಗಿ ಸಂಸ್ಥೆ ವಾಸಿ. ಮಕ್ಕಳ ಶಾಲೆ, ಮನೆ ಎಂದು ಬೇಗ ನೆಲೆಯೂರಬೇಕಿದ್ದು ವಿಭಾಗದಲ್ಲಿ ವಿದ್ಯಾರ್ಥಿಗಳು ತುಂಬಿದ್ದರೆ, ನಾನಾಗಿದ್ದರೆ ಬ್ರಿಟನ್ನಿಗೆ ಹೋಗುತ್ತಿದ್ದೆ.